ಅಡುಗೆಮನೆ ಒಡೆಯುವ ಮುನ್ನ

ಇಪ್ಪತ್ತು ಮೂವತ್ತು ವರ್ಷ ಹಳೆಯ ಮನೆಯ ಅಡುಗೆಮನೆಯನ್ನು ಹೊಸದಾಗಿ ಮಾಡಿಸಲು ಹೊರಟವರು ಮೊದಲು ಕಾಲಿಡುವುದು ಮಾಡ್ಯುಲರ್ ಕಿಚನ್ ಅಂಗಡಿಗೆ. ಅಲ್ಲಿ ಕಣ್ಣಿಗೆ ಬೀಳುವುದು ಶಟರ್‌ಗಳ ಬಣ್ಣ, ಹಿಡಿಕೆಗಳ ಹೊಳಪು, ಸದ್ದಿಲ್ಲದೆ ಮುಚ್ಚಿಕೊಳ್ಳುವ ಡ್ರಾಯರು. ಬೇಸರ ಬಂದರೆ ಇವನ್ನು ಕೆಲವು ವರ್ಷಕ್ಕೆ ಬದಲಿಸಿಕೊಳ್ಳಬಹುದು. ಗೋಡೆಯೊಳಗೆ ಹುಗಿಯುವ ನೀರಿನ ಪೈಪು, ನೆಲದಡಿಯ ಕೊಳಚೆ ಪೈಪು, ವೈರು, ಚಿಮಣಿಯ ತೂತು, ಕಟ್ಟೆಯ ಎತ್ತರ ಹಾಗಲ್ಲ. ಟೈಲ್ಸ್ ಕೂರಿಸಿದ ಮೇಲೆ ಇವುಗಳಲ್ಲಿ ಯಾವುದನ್ನು ಮುಟ್ಟಬೇಕಾದರೂ ಮತ್ತೆ ಸುತ್ತಿಗೆ ಎತ್ತಬೇಕು. ಆದ್ದರಿಂದ ಹಣವೂ ಗಮನವೂ ಮೊದಲು ಹೋಗಬೇಕಾದ್ದು ಕಾಣದ ಭಾಗಕ್ಕೆ. ಆದರೆ ಕಾಣುವ ವಸ್ತುಗಳ ಅಳತೆ ಕೈಯಲ್ಲಿರದೆ ಕಾಣದ ಭಾಗದ ತೀರ್ಮಾನ ಆಗುವುದಿಲ್ಲ. ಈ ಕೆಲಸದ ತೊಡಕೆಲ್ಲ ಇಲ್ಲೇ ಇದೆ: ಕೊನೆಗೆ ಕೂರಿಸುವ ವಸ್ತುವನ್ನು ಮೊದಲೇ ಆರಿಸಿರಬೇಕು.

ನಮ್ಮಲ್ಲಿ ‘ನಾವೇ ನಿಂತು ಮಾಡಿಸಿದೆವು’ ಎನ್ನುವವರು ಇಡೀ ಕೆಲಸವನ್ನು ಒಬ್ಬ ಗುತ್ತಿಗೆದಾರನಿಗೆ ಒಪ್ಪಿಸಿರುವುದಿಲ್ಲ. ಗಾರೆ ಮೇಸ್ತ್ರಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಗ್ರಾನೈಟ್ ಕೂರಿಸುವವರು, ಬಡಗಿ ಹೀಗೆ ಒಬ್ಬೊಬ್ಬರನ್ನೂ ಗೊತ್ತುಮಾಡಿ, ಸಾಮಾನನ್ನು ತಾವೇ ತಂದುಕೊಡುತ್ತಾರೆ. ಹಣ ಉಳಿಯುತ್ತದೆ, ಯಾವ ಪೈಪು ಎಲ್ಲಿ ಹೋಯಿತೆಂಬುದೂ ತಿಳಿದಿರುತ್ತದೆ. ಯಾರು ಯಾವಾಗ ಬರಬೇಕೆಂದು ಹೊಂದಿಸುವ ಹೊಣೆ ಮಾತ್ರ ಪೂರ್ತಿ ಮನೆಯವರ ಮೇಲೆ ಬೀಳುತ್ತದೆ. ಹಳೆಯ ಶೆಲ್ಫ್ ಬಿಚ್ಚುವುದು, ಗೋಡೆಗೆ ಬಣ್ಣ ಬಳಿಯುವುದು, ಸಿಂಕ್ ಸುತ್ತ ಸಿಲಿಕಾನ್ ಹಚ್ಚುವುದು, ಹಿಡಿಕೆ ಕೂರಿಸುವುದನ್ನು ಸ್ವಂತ ಕೈಯಿಂದಲೇ ಮಾಡಿಕೊಳ್ಳಬಹುದು. ಗ್ಯಾಸ್, ವೈರಿಂಗ್, ಗೋಡೆ ತೆಗೆಯುವುದು ಈ ಮೂರಕ್ಕೆ ಮಾತ್ರ ತಿಳಿದವರೇ ಬೇಕು.

ಮೊದಲ ಕೆಲಸಕ್ಕೆ ಖರ್ಚಿಲ್ಲ. ಮನೆಯಲ್ಲಿ ಹೆಚ್ಚು ಹೊತ್ತು ಅಡುಗೆ ಮಾಡುವವರು ಯಾರೋ ಅವರು ಒಂದು ವಾರ ಹಳೆಯ ಅಡುಗೆಮನೆಯಲ್ಲೇ ತಮಗೆ ಅಡ್ಡಿಯಾಗುವುದನ್ನೆಲ್ಲ ಬರೆದಿಡಲಿ. ಮಿಕ್ಸಿಗೆ ಪ್ಲಗ್ ಸಿಗದೆ ಫ್ರಿಜ್ಜಿನದನ್ನು ಕಿತ್ತದ್ದು, ಕುಕ್ಕರ್ ಇಳಿಸಲು ಒಲೆಯ ಪಕ್ಕ ಜಾಗವಿಲ್ಲದ್ದು, ಗ್ರೈಂಡರ್ ತೊಳೆದ ನೀರು ನೆಲಕ್ಕೆ ಹರಿದದ್ದು, ಹಬ್ಬದ ದೊಡ್ಡ ಪಾತ್ರೆ ಸಿಂಕಿನೊಳಗೆ ಹಿಡಿಯದ್ದು. ಈ ಪಟ್ಟಿ ಯಾವ ವಿನ್ಯಾಸಗಾರನ ಚಿತ್ರಕ್ಕಿಂತಲೂ ಉಪಯುಕ್ತ. ಅಡುಗೆಯೇ ಮಾಡದವರು ಕೂತು ಅಡುಗೆಮನೆ ನಿರ್ಧರಿಸುವ ಮನೆಗಳು ಬಹಳ ಇವೆ, ಅದರ ಫಲವನ್ನು ದಿನವೂ ಸೊಂಟ ಅನುಭವಿಸುತ್ತದೆ.

ಸೊಂಟದ ಮಾತಿಗೇ ಬರೋಣ. ಹೇಳದಿದ್ದರೆ ಮೇಸ್ತ್ರಿ ಕಟ್ಟೆಯನ್ನು ತನಗೆ ರೂಢಿಯಾದ ಎತ್ತರಕ್ಕೇ ಕಟ್ಟುತ್ತಾನೆ. ಅಡುಗೆ ಮಾಡುವವರು ನೇರ ನಿಂತು ಮೊಣಕೈ ಮಡಿಸಲಿ. ನೆಲದಿಂದ ಮೊಣಕೈವರೆಗಿನ ಅಳತೆಯಲ್ಲಿ 4ರಿಂದ 6 ಇಂಚು ಕಳೆದರೆ ಕಟ್ಟೆಯ ಎತ್ತರ ಸಿಗುತ್ತದೆ. 5 ಅಡಿ ಎತ್ತರದವರಿಗೆ ಅದು ಸುಮಾರು 32ರಿಂದ 34 ಇಂಚು, 5 ಅಡಿ 4 ಇಂಚಿನವರಿಗೆ 34ರಿಂದ 36. ಒಲೆ ಕಟ್ಟೆಯ ಮೇಲೆ ಕೂರುವುದರಿಂದ ಬಾಣಲೆಯ ಬಾಯಿ ಇನ್ನೂ ಮೇಲಕ್ಕೆ ಹೋಗುತ್ತದೆ. ಜಾಗವಿದ್ದರೆ ಒಲೆಯ ಭಾಗವನ್ನಷ್ಟೇ 3 ಇಂಚು ಇಳಿಸಿದರೆ ಸಾರಿನ ಪಾತ್ರೆ ತಿರುವಲು ಹೆಗಲು ಎತ್ತಬೇಕಿಲ್ಲ. ಸಿಂಕಿನದು ತಿರುಗುಮುರುಗು. ಕೈ ಕೆಲಸ ಮಾಡುವುದು ಅದರ ತಳದಲ್ಲಿ, ಕಟ್ಟೆಗಿಂತ 8ರಿಂದ 10 ಇಂಚು ಕೆಳಗೆ. ಆದ್ದರಿಂದ ಸಿಂಕ್ ಇರುವ ಭಾಗ ಒಂದೆರಡು ಇಂಚು ಎತ್ತರವಿದ್ದರೆ ಪಾತ್ರೆ ತೊಳೆಯುವವರು ಬಗ್ಗಬೇಕಾಗುವುದಿಲ್ಲ. ಮೆಟ್ಟಿಲಿನ ಹಾಗೆ ಕಾಣುತ್ತದೆ ಎಂದು ಗ್ರಾನೈಟಿನವರು ಗೊಣಗುತ್ತಾರೆ, ಬಗ್ಗದೆ ಹೇಳಿ ಮಾಡಿಸಿ. ಎತ್ತರವನ್ನು ಅಳೆಯಬೇಕಾದ್ದು ಹೊಸ ಟೈಲ್ಸ್ ಹಾಕಿದ ಮೇಲಿನ ನೆಲದಿಂದ. ಹಳೆಯ ರೆಡ್ ಆಕ್ಸೈಡ್ ನೆಲದ ಮೇಲೇ ಟೈಲ್ಸ್ ಹಾಕಿದರೆ ನೆಲ ಒಂದೆರಡು ಇಂಚು ಏರುತ್ತದೆ, ಕಟ್ಟೆ ಅಷ್ಟೇ ಗಿಡ್ಡವಾಗುತ್ತದೆ, ಬಾಗಿಲಿನ ಅಡಿಯೂ ತಾಗುತ್ತದೆ.

ಒಲೆ, ಸಿಂಕ್, ಫ್ರಿಜ್ ಮೂರನ್ನೂ ತ್ರಿಕೋನದ ಮೂಲೆಗಳಲ್ಲಿ ಇಡಬೇಕೆಂಬ ಸೂತ್ರ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1940ರ ದಶಕದಲ್ಲಿ ರೂಪುಗೊಂಡದ್ದು. ಸೂತ್ರ ಕೆಟ್ಟದ್ದಲ್ಲ, ಆದರೆ ನಮ್ಮ ಅಡುಗೆಗೆ ಮೂರೇ ಮೂಲೆ ಸಾಲವು. ಮಿಕ್ಸಿ ಮತ್ತು ಗ್ರೈಂಡರ್‌ಗೆ ನೀರಿಗೂ ಪ್ಲಗ್ಗಿಗೂ ಹತ್ತಿರದ ಜಾಗ ಬೇಕು; ತರಕಾರಿ ಹೆಚ್ಚಲು ಸಿಂಕಿಗೂ ಒಲೆಗೂ ನಡುವೆ ಕನಿಷ್ಠ 2 ಅಡಿ ಖಾಲಿ ಕಟ್ಟೆ ಬೇಕು; ಒಲೆಯ ಇನ್ನೊಂದು ಬದಿಗೆ ಬಿಸಿ ಪಾತ್ರೆ ಇಳಿಸಲು ಒಂದಡಿಯಾದರೂ ಇರಲಿ. ಸುಣ್ಣದ ತುಂಡಿನಿಂದ ನೆಲದ ಮೇಲೆ ಇದನ್ನೆಲ್ಲ ನಿಜ ಅಳತೆಯಲ್ಲಿ ಬರೆದು, ಫ್ರಿಜ್ಜಿನ ಬಾಗಿಲು ತೆರೆದಾಗ ಓಡಾಟಕ್ಕೆ ಅಡ್ಡ ಬರುತ್ತದೆಯೇ ನೋಡಿ.

ಈಗ ಪೇಟೆಗೆ ಹೋಗಬಹುದು. ಸಿಂಕ್, ಒಲೆ ಅಥವಾ ಹಾಬ್, ಚಿಮಣಿ, ನಲ್ಲಿ ಇವನ್ನು ಒಡೆಯುವ ಮೊದಲೇ ಕೊಂಡು ತಂದಿಡಿ. ಫ್ರಿಜ್, ನೀರಿನ ಫಿಲ್ಟರ್, ಮುಂದೆಂದಾದರೂ ಕೊಳ್ಳಬಹುದಾದ ಪಾತ್ರೆ ತೊಳೆಯುವ ಯಂತ್ರದ ಅಳತೆ ಬರೆದಿಟ್ಟುಕೊಳ್ಳಿ. ಗ್ರಾನೈಟ್ ಕೊರೆಯುವವನ ಕೈಗೆ ನಿಜವಾದ ಸಿಂಕನ್ನೇ ಕೊಡಬೇಕು. ಕ್ಯಾಟಲಾಗಿನ ಅಳತೆ ನೋಡಿ ಕಲ್ಲು ಕೊರೆಸುವುದು ಬೇಡ.

ಗೋಡೆ ತೆಗೆದು ಅಡುಗೆಮನೆಯನ್ನು ಹಾಲಿನೊಂದಿಗೆ ಸೇರಿಸುವ ಆಸೆ ಈಗ ಎಲ್ಲರಿಗೂ ಇದೆ. ಹಳೆಯ ಮನೆಗಳಲ್ಲಿ 9 ಇಂಚಿನ ಇಟ್ಟಿಗೆಯ ಅಥವಾ ಕಲ್ಲಿನ ಗೋಡೆಗಳೇ ತಾರಸಿಯ ಭಾರ ಹೊತ್ತಿರುತ್ತವೆ, ಕಂಬವಿರುವುದಿಲ್ಲ. ಮೇಸ್ತ್ರಿ ‘ಏನೂ ಆಗಲ್ಲ ಬಿಡಿ ಸಾರ್’ ಎಂದರೂ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡದೆ ಅಂಥ ಗೋಡೆಗೆ ಕೈ ಹಾಕಬಾರದು. ಭಾರ ಹೊತ್ತ ಗೋಡೆಯಲ್ಲಿ ಪೈಪಿಗಾಗಿ ಉದ್ದಕ್ಕೆ ಅಡ್ಡಗೀರು ಕೊರೆಯುವುದೂ ತಪ್ಪು. ಮೇಲಿನಿಂದ ಕೆಳಕ್ಕೆ ನೇರವಾಗಿ ಕೊರೆಸಿ. ಅಪಾರ್ಟ್‌ಮೆಂಟಾದರೆ ಸಂಘದ ಒಪ್ಪಿಗೆ ಮೊದಲು ಬೇಕು, ಸಿಂಕಿನ ಜಾಗವನ್ನು ಕೆಳಮನೆಯ ಮಲಗುವ ಕೋಣೆಯ ಮೇಲಕ್ಕೆ ಸರಿಸುವ ಯೋಚನೆಯನ್ನೇ ಬಿಡಬೇಕು.

ಕೊಳಚೆ ಪೈಪಿನ ವಿಚಾರದಲ್ಲಿ ಸ್ವಲ್ಪ ನಿಧಾನ ಮಾಡಬೇಕು, ಏಕೆಂದರೆ ಅಡುಗೆಮನೆಯ ದೂರುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ. ನೀರು ತಾನಾಗಿ ಹರಿಯಬೇಕಾದರೆ ಪೈಪಿಗೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಬೇಕು. ಸಿಂಕನ್ನು ಹಳೆಯ ಜಾಗದಿಂದ 8 ಅಡಿ ದೂರಕ್ಕೆ ಒಯ್ದರೆ ಪೈಪಿನ ಕೊನೆ 2 ಇಂಚು ಕೆಳಗಿಳಿಯಬೇಕು. ನೆಲದಲ್ಲಿ ಅಷ್ಟು ಆಳ ಇದೆಯೇ? ಇಲ್ಲದಿದ್ದರೆ ಸಿಂಕ್ ಇದ್ದಲ್ಲೇ ಇರಲಿ. ಆಳವಾದ ಸಿಂಕ್ ಕೊಂಡರೆ ಅದರ ತಳವೂ ಕೆಳಗಿಳಿಯುತ್ತದೆ. ಗೋಡೆಯ ಹಳೆಯ ಹೊರಕಿಂಡಿ ಅದಕ್ಕಿಂತ ಮೇಲಿದ್ದರೆ ನೀರು ಸಿಂಕಿನಡಿಯ ಪೈಪಿನಲ್ಲೇ ನಿಂತು ನಾರುತ್ತದೆ. ಸಿಂಕಿನ ಕೆಳಗೆ ಬಾಟಲ್ ಟ್ರ್ಯಾಪ್ ಇರಲೇಬೇಕು. ಅದರಲ್ಲಿ ಸದಾ ನಿಂತಿರುವ ಒಂದಿಷ್ಟು ನೀರೇ ಚರಂಡಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುವುದು. ಪೈಪನ್ನು ನೇರವಾಗಿ ಗೋಡೆಗೆ ತುರುಕಿದ ಅಡುಗೆಮನೆಗಳಲ್ಲಿ ಎಷ್ಟು ಫಿನಾಯಿಲ್ ಸುರಿದರೂ ವಾಸನೆ ಹೋಗುವುದಿಲ್ಲ.

ನೀರು ತರುವ ಪೈಪು ಹಳೆಯ ಜಿಐ ಆಗಿದ್ದರೆ ಒಳಗೆ ತುಕ್ಕು ಹಿಡಿದು ಕಿರಿದಾಗಿರುತ್ತದೆ. ಅಡುಗೆಮನೆಯಲ್ಲಿ ಮಾತ್ರ ಹೊಸ ಪೈಪು ಹಾಕಿ ಟ್ಯಾಂಕಿನಿಂದ ಬರುವುದನ್ನು ಹಾಗೆಯೇ ಬಿಟ್ಟರೆ ನಲ್ಲಿಯಲ್ಲಿ ನೀರು ಸೊರಗುತ್ತದೆ. ಬಿಸಿನೀರಿಗೆ ಸಿಪಿವಿಸಿ ಪೈಪು ಬೇಕು. ಇವತ್ತು ಗೀಸರ್ ಬೇಡವೆನಿಸಿದರೂ ಪೈಪು ಹಾಕಿಸಿಟ್ಟಿರಿ. ಫಿಲ್ಟರಿಗೆ ಒಂದು, ಪಾತ್ರೆ ತೊಳೆಯುವ ಯಂತ್ರಕ್ಕೆ ಒಂದು ಪ್ರತ್ಯೇಕ ಆಂಗಲ್ ಕಾಕ್ ಇರಲಿ. ಎಲ್ಲ ಮುಗಿದ ಮೇಲೆ, ಗೋಡೆ ಮುಚ್ಚುವ ಮೊದಲು, ಪ್ಲಂಬರ್ ಪ್ರೆಷರ್ ಪಂಪು ತಂದು ಪೈಪಿನಲ್ಲಿ ಒತ್ತಡ ತುಂಬಿ 24 ಗಂಟೆ ಬಿಡಬೇಕು. ಮುಳ್ಳು ಕೆಳಗಿಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಈ ಪರೀಕ್ಷೆ ಆಗುವವರೆಗೆ ಟೈಲ್ಸಿನವರನ್ನು ಒಳಗೆ ಬಿಡಬೇಡಿ.

ವೈರಿಂಗ್ ಲೆಕ್ಕ ಸುಲಭ. ನಮ್ಮ ಕರೆಂಟು 230 ವೋಲ್ಟ್. 2000 ವ್ಯಾಟಿನ ಇಂಡಕ್ಷನ್ ಒಲೆ ಸುಮಾರು 9 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಪ್ಲಗ್ಗಿಗೆ ಅದು ಹೊರೆ. ಇಂಡಕ್ಷನ್, ಓವನ್, ಗೀಸರ್ ಇವಕ್ಕೆಲ್ಲ 16 ಆಂಪಿಯರಿನ ಪವರ್ ಪಾಯಿಂಟ್, 4 ಚದರ ಮಿ.ಮೀ. ತಾಮ್ರದ ವೈರು, ಬೇರೆ ಬೇರೆ ಎಂಸಿಬಿ ಹಾಕಿಸಿ. ಒಂದೇ ವೈರಿನಿಂದ ಮೂರು ಪವರ್ ಪಾಯಿಂಟ್ ಎಳೆಯುವುದು ಕೆಲಸಗಾರರಿಗೆ ಸುಲಭ, ನಿಮಗೆ ಅಪಾಯ. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಈಗಲೇ ಹಾಕಿಸಿ, ಒದ್ದೆ ಕೈಗೆ ಶಾಕ್ ತಗುಲಿದರೆ ಕರೆಂಟನ್ನು ಥಟ್ಟನೆ ಕಡಿದು ಜೀವ ಉಳಿಸುವುದು ಅದೇ. ಪ್ಲಗ್ಗುಗಳು ಕಟ್ಟೆಯಿಂದ 8–10 ಇಂಚು ಮೇಲಿರಲಿ, ಸಿಂಕಿನಿಂದಲೂ ಒಲೆಯಿಂದಲೂ ದೂರವಿರಲಿ. ಮೇಲಿನ ಕಪಾಟಿನ ಅಡಿಗೆ ಒಂದು ಸಣ್ಣ ದೀಪಕ್ಕೆ ವೈರು ಬಿಡಿಸಿ, ಇಲ್ಲದಿದ್ದರೆ ತರಕಾರಿ ಹೆಚ್ಚುವಾಗ ನಮ್ಮ ನೆರಳೇ ಕಟ್ಟೆಯ ಮೇಲೆ ಬೀಳುತ್ತದೆ.

ಸಿಲಿಂಡರಿನ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡುತ್ತದೆ. ಆದ್ದರಿಂದ 14.2 ಕೆ.ಜಿ.ಯ ಸಿಲಿಂಡರನ್ನು ಕಪಾಟಿನಲ್ಲಿ ಮುಚ್ಚಿಡುವುದಾದರೆ ಶಟರಿನ ಕೆಳಭಾಗದಲ್ಲಿ ಗಾಳಿಗಿಂಡಿ ಇರಲೇಬೇಕು. ಸಿಲಿಂಡರ್ ನಿಂತೇ ಇರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಸುರಕ್ಷಾ ಟ್ಯೂಬು ಒಂದೂವರೆ ಮೀಟರಿಗಿಂತ ಉದ್ದ ಬೇಡ, ಗೋಡೆಯೊಳಗೆ ಹಾಯಿಸುವುದಂತೂ ಬೇಡವೇ ಬೇಡ, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಸಿಲಿಂಡರನ್ನು ಹೊರಗಿಟ್ಟು ತಾಮ್ರದ ಪೈಪು ಎಳೆಸುವುದಾದರೆ ಗ್ಯಾಸ್ ಏಜೆನ್ಸಿಯ ಮೂಲಕವೇ ಮಾಡಿಸಿ. ಸೋರಿಕೆಯ ತುರ್ತು ಸಂಖ್ಯೆ 1906.

ಚಿಮಣಿಯ ವಿಷಯದಲ್ಲಿ ಕೊಳ್ಳುವವರು ಮೋಟಾರಿನ ಶಕ್ತಿ ಕೇಳುತ್ತಾರೆ, ಕೊಳವೆಯ ದಾರಿ ಕೇಳುವುದಿಲ್ಲ. 6 ಇಂಚಿನ ಕೊಳವೆ ಚಿಕ್ಕದಾಗಿ, ತಿರುವು ಕಡಿಮೆಯಾಗಿ ಹೊರಗೋಡೆ ತಲುಪಿದರೆ ಸಾಧಾರಣ ಚಿಮಣಿಯೂ ಒಗ್ಗರಣೆಯ ಹೊಗೆ ಎಳೆಯುತ್ತದೆ. ಮೂರು ಕಡೆ ತಿರುಗಿಸಿ ಲಾಫ್ಟ್ ಸುತ್ತಿಸಿದರೆ ಎಂಥ ದುಬಾರಿ ಯಂತ್ರವೂ ಸೋಲುತ್ತದೆ. ಹಾಗಾಗಿ ಒಲೆ ಹೊರಗೋಡೆಯ ಬಳಿ ಇರುವುದು ಒಳ್ಳೆಯದು, ಗೋಡೆಯ ತೂತನ್ನು ಟೈಲ್ಸಿಗೆ ಮೊದಲೇ ಕೊರೆಸಬೇಕು.

ಕಲ್ಲಿನ ವಿಚಾರದಲ್ಲಿ ನಾವು ಪುಣ್ಯವಂತರು. ಚಾಮರಾಜನಗರದ ಕಪ್ಪು, ಇಳಕಲ್ಲಿನ ಕೆಂಪು ಗ್ರಾನೈಟ್ ನಮ್ಮ ನೆಲದವೇ. ಬೆಂಗಳೂರಿನವರು ಜಿಗಣಿಯ ಕಾರ್ಖಾನೆಗಳಿಗೆ ಹೋಗಿ ಚಪ್ಪಡಿಯನ್ನು ಕಣ್ಣಾರೆ ನೋಡಿ ತರಬಹುದು. ಅರಿಸಿನ, ಎಣ್ಣೆ, ಹುಣಸೆಹಣ್ಣು ದಿನವೂ ಬೀಳುವ ಕಟ್ಟೆಗೆ ಗಾಢ ಬಣ್ಣವೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತಿಳಿಬಣ್ಣದ ಕಲ್ಲು ಕಲೆಯನ್ನು ಒಳಗೆಳೆದುಕೊಳ್ಳುತ್ತದೆ. ಚಪ್ಪಡಿಗೆ ಒಂದಷ್ಟು ನೀರು ಚಿಮುಕಿಸಿ ನೋಡಿ, ಬೇಗನೆ ಹೀರಿಕೊಂಡರೆ ಬೇರೆಯದನ್ನು ಆರಿಸಿ. ಅಂಚಿನ ಕೆಳಗೆ ಸಣ್ಣದೊಂದು ಗೀರು ಕೊರೆಸಿದರೆ ಚೆಲ್ಲಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಶಟರಿನ ಮೇಲೆ ಹರಿಯುವುದಿಲ್ಲ. ಟೈಲ್ಸನ್ನು ಲೆಕ್ಕಕ್ಕಿಂತ ಶೇ 10ರಷ್ಟು ಹೆಚ್ಚು ತನ್ನಿ, ಎಲ್ಲ ಪೆಟ್ಟಿಗೆಗಳ ಬ್ಯಾಚ್ ಸಂಖ್ಯೆ ಒಂದೇ ಇರಲಿ. ನೆಲಕ್ಕೆ ನುಣುಪಿನದು ಬೇಡ.

ಕಪಾಟಿಗೆ ಪ್ಲೈವುಡ್ ಆದರೆ ಐಎಸ್ 710 ಎಂದು ಅಚ್ಚೊತ್ತಿದ್ದನ್ನು ಕೇಳಿ, ಅದು ನೀರು ತಡೆಯುವ ದರ್ಜೆಯದು. ಪಾರ್ಟಿಕಲ್ ಬೋರ್ಡ್ ನೀರು ತಾಗಿದರೆ ಉಬ್ಬುತ್ತದೆ. ಗೆದ್ದಲಿನ ಕಾಟವಿರುವ ಮನೆಗಳಲ್ಲಿ ಕಡಪ ಕಲ್ಲಿನ ಅಡ್ಡಗೋಡೆ ನಿಲ್ಲಿಸಿ ಮುಂದೆ ಶಟರ್ ಮಾತ್ರ ಹಾಕುವ ಹಳೆಯ ಪದ್ಧತಿ ಇವತ್ತಿಗೂ ಸೊಗಸು, ಖರ್ಚೂ ಕಡಿಮೆ. ಸಿಂಕಿನಡಿಗಂತೂ ಕಲ್ಲೇ ಇರಲಿ. ಸ್ಟೀಲ್ ಬುಟ್ಟಿಗಳು 304 ದರ್ಜೆಯವಾಗಿದ್ದರೆ ತುಕ್ಕು ಹಿಡಿಯುವುದು ತೀರ ಕಡಿಮೆ. ಅಂಗಡಿಯವರು ಆಯಸ್ಕಾಂತ ಇಟ್ಟು ತೋರಿಸಿದರೆ ನಂಬಬೇಡಿ, ಅಗ್ಗದ 202 ದರ್ಜೆಯ ಸ್ಟೀಲಿಗೂ ಅದು ಅಂಟುವುದಿಲ್ಲ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ಕೆಲಸದ ಸರದಿ ಇಷ್ಟು: ಒಡೆಯುವುದು, ಪೈಪು ಮತ್ತು ವೈರು, ಪರೀಕ್ಷೆ, ಗಾರೆ, ಅದಕ್ಕೆ ಒಂದು ವಾರ ನೀರುಣಿಸುವುದು, ನೆಲ, ಕಟ್ಟೆಯ ಕಲ್ಲು, ಗೋಡೆಯ ಟೈಲ್ಸ್, ಬಣ್ಣದ ಮೊದಲ ಕೋಟು, ಕಪಾಟು, ಕೊನೆಗೆ ಚಿಮಣಿ ನಲ್ಲಿಗಳು. ಎಲ್ಲ ಸುಗಮವಾದರೆ ಐದಾರು ವಾರ. ಬಡಗಿ ಅಳತೆ ತೆಗೆಯಬೇಕಾದ್ದು ಕಲ್ಲು ಕೂತ ಮೇಲೆ. ಹಳೆಯ ಮನೆಯ ಗೋಡೆಗಳು ಮೂಲೆಮಟ್ಟಕ್ಕೆ ಸರಿಯಾಗಿ ಕೂರುವುದು ಅಪರೂಪ. ಯುಗಾದಿ, ದೀಪಾವಳಿ, ಊರ ಜಾತ್ರೆಗಳಿಗೆ ಕೆಲಸಗಾರರು ಊರಿಗೆ ಹೋಗುತ್ತಾರೆ, ಅದನ್ನು ಮೊದಲೇ ಕೇಳಿ ದಿನ ಹಾಕಿಕೊಳ್ಳಿ. ಒಡೆದ ಇಟ್ಟಿಗೆ ಗಾರೆಯನ್ನು ಎಲ್ಲಿಗೆ ಒಯ್ಯುತ್ತಾರೆಂದು ಟ್ರ್ಯಾಕ್ಟರಿನವರನ್ನು ವಿಚಾರಿಸಿ. ರಾಜಕಾಲುವೆಗೋ ಕೆರೆಯಂಗಳಕ್ಕೋ ಸುರಿದರೆ ಅದರಲ್ಲಿ ನಮ್ಮ ಪಾಲೂ ಇರುತ್ತದೆ. ನಗರಪಾಲಿಕೆ ಗುರುತಿಸಿದ ಜಾಗಕ್ಕೇ ಹೋಗಲಿ.

ಅಲ್ಲಿಯವರೆಗೆ ಊಟ? ಹಾಲಿನ ಮೂಲೆಯಲ್ಲಿ ಮೇಜೊಂದರ ಮೇಲೆ ಇಂಡಕ್ಷನ್ ಒಲೆ, ಒಂದು ಕುಕ್ಕರ್, ಒಂದು ಬಾಣಲೆ, ಮಸಾಲೆ ಡಬ್ಬ. ಪಾತ್ರೆ ತೊಳೆಯಲು ಬಚ್ಚಲು. ಉಳಿದದ್ದನ್ನು ಕಟ್ಟಿ ಮೇಲಿಡಿ. ಅಡುಗೆಮನೆಯ ಬಾಗಿಲಿಗೆ ಪ್ಲಾಸ್ಟಿಕ್ ಹಾಳೆ ಕಟ್ಟದಿದ್ದರೆ ಟೈಲ್ಸ್ ಕೊಯ್ಯುವ ಧೂಳು ಬೀರುವಿನೊಳಗಿನ ಸೀರೆಯವರೆಗೂ ಹೋಗುತ್ತದೆ.

ಅಂದಾಜಿನ ಮೇಲೆ ಶೇ 15ರಷ್ಟು ಹಣ ಬೇರೆ ತೆಗೆದಿಡಿ, ಹಳೆಯ ಗೋಡೆ ಒಡೆದಾಗ ಒಳಗೇನಿದೆಯೆಂದು ಯಾರೂ ಮೊದಲೇ ಹೇಳಲಾರರು. ದರವನ್ನು ಚದರಡಿಗೋ ಉದ್ದಡಿಗೋ, ಅಂಚಿನ ಪಾಲಿಶ್ ಸೇರಿದೆಯೋ ಇಲ್ಲವೋ ಎಂದು ಕಾಗದದಲ್ಲಿ ಬರೆಸಿ. ಕೆಲಸ ಮುಂದುವರಿದಷ್ಟೇ ಹಣ ಕೊಡಿ, ಶೇ 10ರಷ್ಟನ್ನು ಎರಡು ಮೂರು ವಾರ ತಡೆದಿಡುವುದಾಗಿ ಮೊದಲ ದಿನವೇ ಹೇಳಿಬಿಡಿ. ಆ ವಾರಗಳಲ್ಲಿ ಸಿಂಕನ್ನು ತುಂಬಿಸಿ ಒಮ್ಮೆಲೇ ಬಿಟ್ಟು ಕೆಳಗೆ ಕೈಯಾಡಿಸಿ ನೋಡಿ, ಎಲ್ಲ ಪವರ್ ಪಾಯಿಂಟುಗಳನ್ನೂ ಬಳಸಿ ನೋಡಿ, ಡ್ರಾಯರುಗಳನ್ನು ಪಾತ್ರೆ ತುಂಬಿ ಎಳೆಯಿರಿ. ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಗೋಡೆ ಮುಚ್ಚುವ ಮುನ್ನ ಪ್ರತಿ ಗೋಡೆಗೂ ಟೇಪು ಹಿಡಿದು ಫೋಟೊ ತೆಗೆದಿಡಿ, ಅವುಗಳ ಪ್ರತಿಯನ್ನು ಮನೆಯ ಕಾಗದಪತ್ರಗಳ ಜೊತೆಗೇ ಇಡಿ. ಮುಂದೆ ಮೊಳೆ ಹೊಡೆಯುವವರಿಗೆ ಪೈಪು ಎಲ್ಲಿದೆಯೆಂದು ಅದು ಹೇಳುತ್ತದೆ.