ಫ್ರೀಜರಿನ ಮಂಜುಗಡ್ಡೆಗೆ ಚಾಕು ಹಚ್ಚಬೇಡಿ



ನಮ್ಮ ಸೊಲ್ಲಾಪುರ, ಅಕ್ಕಲಕೋಟ ಕಡೆ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಒಳಹೋದ ಗಾಳಿಯ ತೇವ ಫ್ರೀಜರಿನಲ್ಲಿ ಮಂಜುಗಡ್ಡೆಯಾಗುತ್ತದೆ. ಅದು ಅರ್ಧ ಸೆಂಟಿಮೀಟರ್ ದಪ್ಪವಾದರೆ ಕರಗಿಸಬೇಕು. ಇಲ್ಲವಾದರೆ ತಂಪು ಇಳಿದು, ಕರೆಂಟ್ ಬಿಲ್ಲು ಏರುತ್ತದೆ.

ಚಾಕುವಿನಿಂದ ಮಾತ್ರ ಕೆರೆಯಬೇಡಿ. ಫ್ರೀಜರಿನ ಗೋಡೆಯಲ್ಲೇ ಗ್ಯಾಸಿನ ಕೊಳವೆ ಇರುತ್ತದೆ. ಈಗಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವ ಆರ್-600ಎ ಗ್ಯಾಸು ಬೆಂಕಿ ಹತ್ತುವಂಥದ್ದು. ಕೊಳವೆ ತೂತಾದರೆ ಒಲೆ ಹಚ್ಚದೆ, ಸ್ವಿಚ್ ಮುಟ್ಟದೆ, ಕಿಟಕಿ-ಬಾಗಿಲು ತೆರೆಯಿರಿ.

ನಾವು ಹೇಳುವ ಕ್ರಮ ಇಷ್ಟೇ: ಮೊದಲು ಪ್ಲಗ್ ಕಿತ್ತಿಡಿ. ಒಳಗಿನ ಪದಾರ್ಥಗಳನ್ನು ಡಬ್ಬಿಗೆ ಹಾಕಿ, ಸೊಲ್ಲಾಪುರದ ಚಾದರದಲ್ಲಿ ಬಿಗಿಯಾಗಿ ಸುತ್ತಿಡಿ, ತಂಪು ಉಳಿಯುತ್ತದೆ. ಬಾಗಿಲು ತೆರೆದಿಟ್ಟು ಗಡ್ಡೆ ತಾನಾಗಿ ಕರಗಲು ಬಿಡಿ. ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಚಾಲೂ ಮಾಡಿ. ಕರಗಿ ಬೆಚ್ಚಗಾದ ಮಾಂಸವನ್ನು ಮತ್ತೆ ಒಳಗಿಡಬೇಡಿ.