ಅಂತರಜಾಲದಲ್ಲಿ ರಬ್ಬರ್ ಹಾಲಿನ ಹಾಸಿಗೆ ಕೊಳ್ಳುವ ಮುನ್ನ



ಗೊಬ್ಬರ, ಮೈಲುತುತ್ತ, ಕಾಫಿ ಅಡಿಕೆಗಳ ಧಾರಣೆ ಬಿಟ್ಟು ಹಾಸಿಗೆಯ ವಿಷಯಕ್ಕೆ ಈ ಪತ್ರಿಕೆಯಲ್ಲಿ ಸ್ಥಳ ಕೊಟ್ಟಿರುವುದನ್ನು ಕಂಡು ಕೆಲವರಿಗೆ ಆಶ್ಚರ್ಯವಾದೀತು. ಆದರೆ ಕಾಫಿ ಮಾರಿದ ಹಣ ಕೈಗೆ ಬಂದ ತಿಂಗಳುಗಳಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದಾಗಿದೆ. ಮೊಬೈಲಿನಲ್ಲಿ 'ನೂರಕ್ಕೆ ನೂರು ನೈಸರ್ಗಿಕ ಲೇಟೆಕ್ಸ್' ಎಂಬ ಜಾಹೀರಾತು ನೋಡಿ, ವಯಸ್ಸಾದ ತಂದೆತಾಯಿಗಳಿಗೆಂದೋ ಮಗಳ ಮದುವೆಗೆಂದೋ ಹತ್ತಾರು ಸಾವಿರ ರೂಪಾಯಿ ಕೊಟ್ಟು ತರಿಸುವವರು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ನಾಲ್ಕೂ ತಾಲ್ಲೂಕುಗಳಲ್ಲಿದ್ದಾರೆ. ಕೈಯಿಂದ ಮುಟ್ಟಿ ನೋಡದೆ ಕೊಳ್ಳುವ ಇಷ್ಟು ಬೆಲೆಯ ಸಾಮಾನಿನ ಬಗ್ಗೆ ನಾಲ್ಕು ವಿಷಯ ತಿಳಿದಿರುವುದು ಒಳ್ಳೆಯದೆಂದು ಈ ಲೇಖನ.

ಲೇಟೆಕ್ಸ್ ಎಂದರೇನು?

ಲೇಟೆಕ್ಸ್ ಎಂದರೆ ರಬ್ಬರ್ ಮರದ ಹಾಲು. ಬ್ರೆಜಿಲ್ ಮೂಲದ ಈ ಮರ ನಮಗೆ ಅಪರಿಚಿತವೇನಲ್ಲ. ಸುಳ್ಯ, ಪುತ್ತೂರು, ಬೆಳ್ತಂಗಡಿ, ಸಂಪಾಜೆ ಕಡೆಗೆ ಹೋದವರೆಲ್ಲ ತೊಗಟೆಗೆ ಓರೆಯಾಗಿ ಗೀರು ಹಾಕಿ ಕೆಳಗೆ ಚಿಪ್ಪು ಕಟ್ಟಿದ ಮರಗಳನ್ನು ನೋಡಿರುತ್ತಾರೆ. 1964ರ ಭಾರತ-ಶ್ರೀಲಂಕಾ ಒಪ್ಪಂದದ ಮೇರೆಗೆ ಹಿಂದಿರುಗಿದ ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದ ಸರ್ಕಾರಿ ರಬ್ಬರ್ ತೋಟಗಳಲ್ಲಿಯೇ ಕೆಲಸ ಕೊಡಲಾಯಿತು. ಆ ತೋಟಗಳನ್ನು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ನಡೆಸುತ್ತ ಬಂದಿದೆ.

ಮರದಿಂದ ಇಳಿದ ಹಾಲಿನಲ್ಲಿ ಒಣ ರಬ್ಬರಿನ ಅಂಶ ಮೂರನೆಯ ಒಂದು ಭಾಗದಷ್ಟು ಮಾತ್ರ; ಉಳಿದದ್ದು ಹೆಚ್ಚಾಗಿ ನೀರು. ಹಾಲು ಹೆಪ್ಪುಗಟ್ಟದಂತೆ ಅಮೋನಿಯ ಸೇರಿಸಿ, ಯಂತ್ರದಲ್ಲಿ ರಭಸವಾಗಿ ತಿರುಗಿಸಿ ರಬ್ಬರಿನ ಅಂಶವನ್ನು ಶೇ. 60ಕ್ಕೆ ಏರಿಸುತ್ತಾರೆ. ಮೊಸರು ಕಡೆದು ಬೆಣ್ಣೆ ತೆಗೆದಂತೆಯೇ ಇದು. ಹಾಸಿಗೆಯ ಕಾರ್ಖಾನೆಗೆ ಹೋಗುವುದು ಈ ಗಟ್ಟಿ ಹಾಲು.

ಹಾಲು ಹಾಸಿಗೆಯಾಗುವ ಬಗೆ

1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ಕಂಡುಹಿಡಿದ ವಿಧಾನವೇ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿದೆ. ಗಟ್ಟಿ ಹಾಲಿಗೆ ಗಂಧಕ ಮೊದಲಾದುವನ್ನು ಬೆರೆಸಿ, ನೊರೆ ಬರುವವರೆಗೆ ಕಡೆದು, ಹೆಪ್ಪುಗಟ್ಟಿಸುವ ದ್ರವ್ಯ ಹಾಕಿ, ಅಚ್ಚಿಗೆ ಸುರಿದು ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಮನೆಯ ಇಡ್ಲಿಯ ಹದವೇ ಎನ್ನಬಹುದು. ಅಚ್ಚಿನಲ್ಲಿ ಸಾಲಾಗಿ ನಿಂತ ಕಡ್ಡಿಗಳು ಶಾಖವನ್ನು ಒಳಗೆಲ್ಲ ಸಮನಾಗಿ ಹರಡುತ್ತವೆ. ಹಾಸಿಗೆಯಲ್ಲಿ ಕಾಣುವ ತೂತುಗಳು ಈ ಕಡ್ಡಿಗಳ ಗುರುತು. ಗಾಳಿಯಾಡುವುದಕ್ಕೂ ಅವೇ ದಾರಿ. ಬೆಂದ ಹಾಳೆಯನ್ನು ಚೆನ್ನಾಗಿ ತೊಳೆದು ಒಣಗಿಸಿದರೆ ಹಾಸಿಗೆ ಸಿದ್ಧ. ಟಲಾಲೆ ಎಂಬ ಇನ್ನೊಂದು ವಿಧಾನವಿದೆ. ಅದರಲ್ಲಿ ಅಚ್ಚಿನೊಳಗಿನ ಗಾಳಿಯನ್ನು ಹೀರಿ ನೊರೆಯನ್ನು ಉಬ್ಬಿಸಿ, ಹಿಮಗಟ್ಟಿಸಿ, ಅನಂತರ ಬೇಯಿಸುತ್ತಾರೆ. ಇದು ಹೆಚ್ಚು ಮೃದು, ಬೆಲೆಯೂ ಹೆಚ್ಚು. ಡನ್‌ಲಪ್ ಬಗೆಯದು ಸ್ವಲ್ಪ ಬಿರುಸು. ಇವೆರಡರಲ್ಲಿ ಒಂದು ಅಸಲಿ, ಇನ್ನೊಂದು ನಕಲಿ ಎಂಬುದಿಲ್ಲ.

ಇವಲ್ಲದೆ ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಬೇಯಿಸಿದ ನಾರಿನ ಹಾಸಿಗೆ, ಪೆಟ್ರೋಲಿಯಂ ಮೂಲದ ಪಾಲಿಯುರಿಥೇನ್ ಫೋಮ್, ಒತ್ತಿದರೆ ನಿಧಾನವಾಗಿ ಮೇಲೇಳುವ ಮೆಮೊರಿ ಫೋಮ್, ಸ್ಪ್ರಿಂಗ್ ಹಾಸಿಗೆಗಳೂ ಉಂಟು. ಅವಕ್ಕೆ ಅವುಗಳದೇ ಉಪಯೋಗವಿದೆ. ನಮ್ಮ ಆಕ್ಷೇಪಣೆ ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರುವುದಕ್ಕೆ ಮಾತ್ರ.

'ನೈಸರ್ಗಿಕ' ಎಂಬ ಮಾತಿನ ಬೆಲೆ

ಈ ಮಾತು ಕಾಫಿ ಬೆಳೆಯುವ ನಮಗೆ ಬೇಗ ಅರ್ಥವಾಗಬೇಕು. ಕಾಫಿ ಪುಡಿಗೆ ಚಿಕೋರಿ ಬೆರೆಸಿದರೆ ಎಷ್ಟು ಬೆರೆಸಿದೆ ಎಂಬುದನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು, ಅದು ಶೇ. 49ನ್ನು ಮೀರಬಾರದು. ಹಾಸಿಗೆ ಮಾರುವ ಎಷ್ಟೋ ಪುಟಗಳಲ್ಲಿ ಇಷ್ಟು ಸ್ಪಷ್ಟವಾದ ಮಾತು ಸಿಗುವುದಿಲ್ಲ. ಬೆರಕೆ ಮೂರು ಬಗೆಯಲ್ಲಿ ನಡೆಯುತ್ತದೆ.

ಮೊದಲನೆಯದು, ಮರದ ಹಾಲಿಗೆ ಕಾರ್ಖಾನೆಯಲ್ಲಿ ತಯಾರಾದ ಕೃತಕ ಲೇಟೆಕ್ಸ್ ಸೇರಿಸುವುದು. ಎರಡನೆಯದು, ಸುಣ್ಣದ ಪುಡಿ, ಜೇಡಿಯಂತಹ ಭರ್ತಿ ಪದಾರ್ಥ ಹಾಕಿ ತೂಕ ಬರಿಸುವುದು. ಮೂರನೆಯದೇ ಹೆಚ್ಚು ಪ್ರಚಾರದಲ್ಲಿರುವುದು: ಮೇಲೆ ಒಂದು ಅಂಗುಲ ಲೇಟೆಕ್ಸ್ ಹಾಳೆ, ಕೆಳಗೆ ಐದು ಅಂಗುಲ ಸಾಧಾರಣ ಫೋಮ್, ಹೆಸರು ಮಾತ್ರ 'ನ್ಯಾಚುರಲ್ ಲೇಟೆಕ್ಸ್ ಹಾಸಿಗೆ'. ಮೇಲಿನ ಪದರದ ಮಟ್ಟಿಗೆ 'ನೂರಕ್ಕೆ ನೂರು' ಎಂಬುದು ನಿಜವೇ ಇರಬಹುದು. ರಾಶಿ ಅಡಿಕೆಗೆ ಗೊರಬಲು ಬೆರೆಸಿದರೆ ವ್ಯಾಪಾರಿ ಚೀಲದೊಳಗೆ ಕೈಯಾಡಿಸಿ ಕಂಡುಹಿಡಿಯುತ್ತಾನೆ. ಅಂತರಜಾಲದಲ್ಲಿ ಕೈಯಾಡಿಸಲಾಗದು, ಆದುದರಿಂದ ಪ್ರಶ್ನೆ ಕೇಳಬೇಕು.

ಕೇಳಬೇಕಾದ ಪ್ರಶ್ನೆಗಳು: ಒಟ್ಟು ದಪ್ಪವೆಷ್ಟು, ಅದರಲ್ಲಿ ಲೇಟೆಕ್ಸ್ ಎಷ್ಟು ಅಂಗುಲ? ಉಳಿದ ಪದರ ಯಾವುದರದು? ಕೃತಕ ಲೇಟೆಕ್ಸ್ ಬೆರೆತಿದೆಯೇ? ಸಾಂದ್ರತೆ ಎಷ್ಟು? ಕವಚಕ್ಕೆ ಜಿಪ್ ಇದ್ದು, ತೆರೆದು ಒಳಗನ್ನು ನೋಡಬಹುದೇ? ಇವಕ್ಕೆ ಬರವಣಿಗೆಯಲ್ಲಿ ಉತ್ತರ ಕೊಡದ ಮಾರಾಟಗಾರನನ್ನು ಅಲ್ಲಿಗೇ ಬಿಡುವುದು ಲೇಸು.

ತಕ್ಕಡಿಯ ಸಾಕ್ಷಿ

ಪ್ರತಿಯೊಬ್ಬ ಬೆಳೆಗಾರನ ಮನೆಯಲ್ಲೂ ಚೀಲ ತೂಗುವ ತಕ್ಕಡಿ ಇದೆ. ಹಾಸಿಗೆಯನ್ನು ಪರೀಕ್ಷಿಸಲು ಅದಕ್ಕಿಂತ ಒಳ್ಳೆಯ ಉಪಕರಣ ಬೇಡ. ಲೇಟೆಕ್ಸಿನ ಸಾಂದ್ರತೆ ಸಾಮಾನ್ಯವಾಗಿ ಘನ ಮೀಟರಿಗೆ 70ರಿಂದ 90 ಕಿಲೋ. ಮರದ ಲೆಕ್ಕದಲ್ಲಿ ನಮಗೆ ರೂಢಿಯಿರುವ ಘನ ಅಡಿಗೆ ಇಳಿಸಿದರೆ ಅದು 2ರಿಂದ 2.5 ಕಿಲೋ ಆಗುತ್ತದೆ. ಸಾಧಾರಣ ಫೋಮ್ ಘನ ಅಡಿಗೆ ಅರ್ಧದಿಂದ ಒಂದು ಕಿಲೋವಿನ ಆಸುಪಾಸು ಮಾತ್ರ.

ಆರೂಕಾಲು ಅಡಿ ಉದ್ದ, ಐದು ಅಡಿ ಅಗಲ, ಅರ್ಧ ಅಡಿ ದಪ್ಪದ ಹಾಸಿಗೆಯನ್ನು ತೆಗೆದುಕೊಳ್ಳಿ. ಗುಣಿಸಿದರೆ 15.6 ಘನ ಅಡಿ. ಪೂರ್ತಿ ಲೇಟೆಕ್ಸ್ ಆಗಿದ್ದರೆ ಅದು 31ರಿಂದ 39 ಕಿಲೋ ತೂಗಬೇಕು. ಆರು ಅಡಿ, ಮೂರು ಅಡಿಯ ಒಂಟಿ ಹಾಸಿಗೆಯಾದರೆ ಅದೇ ದಪ್ಪಕ್ಕೆ 18ರಿಂದ 22 ಕಿಲೋ. ಮರದ ಹಾಲಿನ ಲೆಕ್ಕದಲ್ಲಿ ಹೇಳುವುದಾದರೆ, 35 ಕಿಲೋ ಹಾಸಿಗೆಗೆ ತೋಟದಿಂದ ಇಳಿದ ಸುಮಾರು 100 ಕಿಲೋ ಹಾಲು ಬೇಕು. ಅಗ್ಗವಾಗಿ ಸಿಗುವ 'ಶುದ್ಧ ಲೇಟೆಕ್ಸ್' ಏಕೆ ಅನುಮಾನಾಸ್ಪದ ಎಂಬುದು ಇದರಿಂದಲೇ ತಿಳಿಯುತ್ತದೆ.

ಹುಣಸೂರು ಕಡೆಯ ನಮ್ಮ ಸದಸ್ಯರೊಬ್ಬರು ಇದೇ ಅಳತೆಯ ಹಾಸಿಗೆ ತರಿಸಿದರು. ಕಾಫಿ ತೂಗುವ ತಕ್ಕಡಿಗೆ ಹಾಕಿದಾಗ ಬಂದ ತೂಕ 19 ಕಿಲೋ. ಜಿಪ್ ತೆರೆದು ನೋಡಿದರೆ ಮೇಲೆ ಒಂದೇ ಅಂಗುಲ ಲೇಟೆಕ್ಸ್. ಅವರು ಕೊಳ್ಳುವಾಗಲೇ ಜಾಹೀರಾತಿನ ಪುಟದ ಚಿತ್ರ ತೆಗೆದಿಟ್ಟಿದ್ದರು. ಮಗನಿಂದ ಕಟ್ಟು ಬಿಚ್ಚುವುದನ್ನೂ ತೂಗುವುದನ್ನೂ ವಿಡಿಯೋ ಮಾಡಿಸಿದ್ದರು. ಮೊದಲು 'ಬಿಚ್ಚಿದ ಮಾಲು ವಾಪಸಿಲ್ಲ' ಎಂದ ಮಾರಾಟಗಾರರು, ಲಿಖಿತ ದೂರು ಹೋಗಿ, ಸಹಾಯವಾಣಿಗೂ ವಿಷಯ ಮುಟ್ಟಿದ ಮೇಲೆ ಹಣ ಹಿಂದಿರುಗಿಸಿದರು. ಆ ಚಿತ್ರ, ವಿಡಿಯೋಗಳಿಲ್ಲದಿದ್ದರೆ ಒಂದು ಮೂಟೆ ಕಾಫಿಯ ಬೆಲೆಯನ್ನು ಮೀರಿದ ಹಣ ಹೋದಂತೆಯೇ ಇತ್ತು.

ಒಂದು ಎಚ್ಚರಿಕೆ: ತೂಕ ತೀರ ಕಡಮೆಯಾದರೆ ಮೋಸವಿರುವ ಸಂಭವ ಹೆಚ್ಚು, ತೂಕ ಸರಿಯಿದ್ದ ಮಾತ್ರಕ್ಕೆ ಶುದ್ಧವೆಂದು ಖಂಡಿತವಿಲ್ಲ, ಏಕೆಂದರೆ ಭರ್ತಿ ಪದಾರ್ಥವೂ ತೂಗುತ್ತದೆ.

ಪ್ರಮಾಣಪತ್ರಗಳು

ಗೋಲ್ಸ್ ಎಂಬುದು ಸಾವಯವ ಲೇಟೆಕ್ಸಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡ. ಪ್ರಮಾಣಿತ ಸಾವಯವ ಹಾಲು ಶೇ. 95ಕ್ಕೆ ಕಡಮೆಯಿರಬಾರದೆಂದು ಅದರ ನಿಯಮ. ಓಯ್ಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂಬುದು ಹಾನಿಕರ ರಾಸಾಯನಿಕಗಳ ಪರೀಕ್ಷೆ. ಕೃತಕ ವಸ್ತುವಿಗೂ ಅದು ಸಿಗಬಹುದು. ಆದುದರಿಂದ ಎರಡನೆಯದನ್ನು ತೋರಿಸಿ 'ನೈಸರ್ಗಿಕ' ಎಂದರೆ ಒಪ್ಪಬೇಡಿ. ಚಿಹ್ನೆಯ ಚಿತ್ರ ಸಾಲದು, ಪ್ರಮಾಣಪತ್ರದ ಸಂಖ್ಯೆ ಕೇಳಿ, ಅದು ಯಾರ ಹೆಸರಿನಲ್ಲಿದೆ, ಅವಧಿ ಮುಗಿದಿದೆಯೇ ಎಂದು ನೋಡಿ. 2024ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ 'ನೈಸರ್ಗಿಕ', 'ಸಾವಯವ' ಮುಂತಾದ ಮಾತುಗಳನ್ನು ಆಧಾರವಿಲ್ಲದೆ ಜಾಹೀರಾತಿನಲ್ಲಿ ಬಳಸುವಂತಿಲ್ಲ.

ಅಳತೆ ಮತ್ತು ಸಾಗಣೆ

ನಮ್ಮ ಮನೆಗಳ ಹಲಸು, ತೇಗ, ಬೀಟೆಯ ಮಂಚಗಳನ್ನು ಊರ ಆಚಾರಿಗಳು ತಮ್ಮ ಅಳತೆಗೆ ಮಾಡಿದ್ದಾರೆ. ಕಂಪನಿಯ ಅಳತೆಗೆ ಅವು ಹೊಂದಬೇಕೆಂದಿಲ್ಲ. ಚೌಕಟ್ಟಿನ ಒಳಭಾಗವನ್ನು ಅಂಗುಲದಲ್ಲಿ ಎರಡು ಸಲ ಅಳೆಯಿರಿ. ಹೇಳಿ ಮಾಡಿಸಿದ ಅಳತೆಯ ಹಾಸಿಗೆಯನ್ನು ಅನೇಕರು 'ಇಷ್ಟವಾಗಲಿಲ್ಲ' ಎಂಬ ಕಾರಣಕ್ಕೆ ವಾಪಸು ತೆಗೆದುಕೊಳ್ಳುವುದಿಲ್ಲ.

ಇನ್ನು ಸಾಗಣೆ. ಹುಣಸೂರು, ಕೆ.ಆರ್. ನಗರದಂತಹ ಪಟ್ಟಣಗಳಿಗೆ ಮನೆ ಬಾಗಿಲಿಗೆ ಬರುವ ಸಾಮಾನು, ಕೋಟೆಯ ಕಾಡಂಚಿನ ಹಳ್ಳಿಗೋ ಪಿರಿಯಾಪಟ್ಟಣದ ಒಳಗಿನ ತೋಟಕ್ಕೋ ಬರುತ್ತದೆಂಬ ಭರವಸೆಯಿಲ್ಲ. ಪಿನ್ ಕೋಡ್ ಹಾಕಿ ಮೊದಲು ನೋಡಿ. ತರುವುದಕ್ಕೆ ಮಾತ್ರವಲ್ಲ, ವಾಪಸು ಒಯ್ಯುವುದಕ್ಕೂ ಅದೇ ಸ್ಥಳಕ್ಕೆ ವಾಹನ ಬರುತ್ತದೆಯೇ ಎಂದು ಕೇಳಿ. '100 ರಾತ್ರಿಗಳ ಪರೀಕ್ಷೆ' ಎಂಬ ಆಶ್ವಾಸನೆ ಈ ಒಂದು ಕಾರಣದಿಂದಲೇ ಎಷ್ಟೋ ಸಲ ಕಾಗದದ ಮೇಲೆ ಉಳಿದುಬಿಡುತ್ತದೆ. ಸುರುಳಿ ಸುತ್ತಿ ಬರುವ ಹಾಸಿಗೆಯನ್ನು ತಿಂಗಳುಗಟ್ಟಲೆ ಹಾಗೆಯೇ ಇಡದೆ ಬಂದೊಡನೆ ಬಿಚ್ಚಬೇಕು.

ಕಾನೂನಿನ ಆಸರೆ

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಹಾಗೂ ಅದರಡಿಯ 2020ರ ಇ-ವಾಣಿಜ್ಯ ನಿಯಮಗಳು ನಮಗೆ ಸಾಕಷ್ಟು ಬಲ ಕೊಟ್ಟಿವೆ. ದೋಷವುಳ್ಳ, ನಕಲಿಯಾದ ಅಥವಾ ಜಾಹೀರಾತಿನಲ್ಲಿ ಹೇಳಿದ ಗುಣವಿಲ್ಲದ ಮಾಲನ್ನು ವಾಪಸು ತೆಗೆದುಕೊಳ್ಳಲು ಮಾರಾಟಗಾರ ನಿರಾಕರಿಸುವಂತಿಲ್ಲ. ಇ-ವಾಣಿಜ್ಯ ಸಂಸ್ಥೆ ತನ್ನ ವಿಳಾಸವನ್ನೂ ದೂರು ಅಧಿಕಾರಿಯ ಹೆಸರನ್ನೂ ಪ್ರಕಟಿಸಬೇಕು. ಆ ಅಧಿಕಾರಿ 48 ಗಂಟೆಯೊಳಗೆ ದೂರಿಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. 'ಇನ್ನು ಹತ್ತೇ ನಿಮಿಷ' ಎಂದು ಸುಳ್ಳು ಗಡಿಯಾರ ತೋರಿಸುವುದನ್ನೂ, ನಾವು ಕೇಳದ ದಿಂಬು ವಿಮೆಗಳನ್ನು ಬಿಲ್ಲಿಗೆ ನುಸುಳಿಸುವುದನ್ನೂ 2023ರ ಮಾರ್ಗಸೂಚಿ ನಿಷೇಧಿಸಿದೆ.

ಇಷ್ಟಾದರೂ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕಂಪನಿ ದೆಹಲಿಯಲ್ಲಿರಲಿ, ಕೊಯಮತ್ತೂರಿನಲ್ಲಿರಲಿ, ಈಗಿನ ಕಾನೂನಿನಂತೆ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಅಂದರೆ ನಮ್ಮ ಮಟ್ಟಿಗೆ ಮೈಸೂರಿನಲ್ಲಿಯೇ, ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. ಹೋಂಸ್ಟೇ ನಡೆಸುವವರು ಒಂದನ್ನು ಗಮನಿಸಬೇಕು: ವಾಣಿಜ್ಯ ಉದ್ದೇಶದ ಖರೀದಿ ಈ ಕಾನೂನಿಗೆ ಬರುವುದಿಲ್ಲ, ಸ್ವಯಂ ಉದ್ಯೋಗದಿಂದ ಜೀವನೋಪಾಯ ಮಾಡುವವರಿಗೆ ಮಾತ್ರ ವಿನಾಯಿತಿಯುಂಟು.

ಹಣ ಕೊಡುವಾಗಲೂ ಎಚ್ಚರವಿರಲಿ. ವಾಟ್ಸ್‌ಆಪಿನಲ್ಲಿ ಬಂದ ಕೊಂಡಿಯಿಂದ ಕೊಳ್ಳಬೇಡಿ. ವಿಳಾಸ, ಜಿ.ಎಸ್.ಟಿ. ಸಂಖ್ಯೆ ಇಲ್ಲದ ಅಂಗಡಿ ಬೇಡ. 'ಹಣ ವಾಪಸು ಕೊಡುತ್ತೇವೆ, ಪಿನ್ ಒತ್ತಿ' ಎಂದರೆ ಅದು ಕಳ್ಳತನವೇ. ಹಣ ಪಡೆಯಲು ಪಿನ್ ಬೇಕಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ತಿಳಿಸಬೇಕು.

ಮನೆಗೆ ಬಂದ ಮೇಲೆ

ಹತ್ತಿಯ ಹಾಸಿಗೆಯನ್ನು ಕಣದಲ್ಲಿ ಬಿಸಿಲಿಗೆ ಹರಡಿ ಬಡಿಯುವುದು ನಮ್ಮ ಹೆಂಗಸರ ಹಳೆಯ ಪದ್ಧತಿ. ಲೇಟೆಕ್ಸಿಗೆ ಇದು ಸಲ್ಲದು. ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ, ಬಿರುಕುಬಿಟ್ಟು, ಪುಡಿಪುಡಿಯಾಗುತ್ತದೆ. ಎಣ್ಣೆಯೂ ಅದಕ್ಕೆ ಶತ್ರು. ಎಣ್ಣೆ ಹಚ್ಚಿಕೊಂಡು ಮಲಗುವ ಹಿರಿಯರಿದ್ದರೆ ಮೇಲೆ ದಪ್ಪ ಜಮಖಾನೆ ಇರಲಿ. ಆಷಾಢ ಶ್ರಾವಣದ ಜಿನುಗು ಮಳೆಯಲ್ಲಿ ನೆಲದ ಮೇಲೋ, ಮುಚ್ಚಿದ ಹಲಗೆಯ ಮೇಲೋ ಹಾಕಿದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಸಂದುಬಿಟ್ಟ ಪಟ್ಟಿಗಳ ಮಂಚವೇ ಉತ್ತಮ. ಆಗಾಗ್ಗೆ ನೆರಳಿನಲ್ಲಿ ಎತ್ತಿ ಗಾಳಿಯಾಡಿಸಬೇಕು. ಮೊದಲ ಕೆಲವು ದಿನ ರಬ್ಬರಿನ ವಾಸನೆ ಇರುವುದು ಸಹಜ. ರಬ್ಬರ್ ಕೈಗವಸು ಹಾಕಿದರೆ ಮೈ ತುರಿಕೆ ಬರುವವರು ಮಾತ್ರ ವೈದ್ಯರನ್ನು ಕೇಳದೆ ಇದನ್ನು ಕೊಳ್ಳಬಾರದು.

ಇದು ನಮಗೆ ಬೇಕೇ?

ಮೈಗೆ ಹೊಂದಿಕೊಳ್ಳುವ, ಕುಳಿ ಬೀಳದೆ ಬಹುಕಾಲ ಬಾಳುವ ವಸ್ತು ಇದೆಂಬುದು ನಿಜ. ಆದರೆ ಬೆನ್ನುನೋವಿಗೆ ಇದೇ ಮದ್ದು ಎಂಬ ಜಾಹೀರಾತನ್ನು ನಂಬಬೇಡಿ; ತಿಂಗಳುಗಟ್ಟಲೆ ಕಾಡುವ ನೋವನ್ನು ವೈದ್ಯರಿಗೆ ತೋರಿಸಬೇಕು. ಒಳ್ಳೆಯ ನಾರಿನ ಹಾಸಿಗೆಯಾಗಲಿ, ಹೊಸದಾಗಿ ಹಿಂಜಿಸಿದ ಬೂರುಗದ ಹತ್ತಿಯ ಹಾಸಿಗೆಯಾಗಲಿ ಅನೇಕರಿಗೆ ಸಾಕು, ಬೆಲೆಯೂ ಕಡಮೆ. ಲೇಟೆಕ್ಸೇ ಬೇಕೆನ್ನುವವರು ಮೈಸೂರಿಗೆ ಹೋದಾಗ ಅಂಗಡಿಯಲ್ಲಿ ಹತ್ತು ನಿಮಿಷ ಮಲಗಿ ನೋಡಿ, ಬಿರುಸು ಮೃದುಗಳನ್ನು ತಿಳಿದು, ಆಮೇಲೆ ಎಲ್ಲಿ ಅಗ್ಗವೋ ಅಲ್ಲಿ ಕೊಳ್ಳಬಹುದು.

ಕೊಳ್ಳುವವರು ಜಾಹೀರಾತಿನ ಪುಟ, ಬಿಲ್ಲು, ಖಾತರಿ ಪತ್ರ ಮೂರನ್ನೂ ಜೋಪಾನವಾಗಿಟ್ಟುಕೊಳ್ಳಬೇಕು. ಹಣ ಕಟ್ಟುವ ಮುನ್ನ ಸಂಶಯವಿದ್ದರೆ ಕಾಗದಪತ್ರಗಳೊಂದಿಗೆ ಸಂಘದ ಕಚೇರಿಗೆ ಬನ್ನಿ. ದೂರು ಬರೆಯುವುದಕ್ಕಾಗಲಿ, ತೂಕದ ಲೆಕ್ಕ ಹಾಕುವುದಕ್ಕಾಗಲಿ ನಾವು ಸಹಾಯ ಮಾಡುತ್ತೇವೆ. ಸಂಘದ ತಕ್ಕಡಿಯೂ ಸದಸ್ಯರದೇ.