ಉಬ್ಬಸ: ಉಸಿರು ಹೊರಬೀಳದ ಕಷ್ಟ

ಉಬ್ಬಸ ಬಂದವನನ್ನು ಕಂಡೊಡನೆ, "ಪಾಪ, ಉಸಿರು ಒಳಗೆ ಹೋಗುತ್ತಿಲ್ಲ" ಎನ್ನುವುದು ವಾಡಿಕೆ. ನಿಜಸ್ಥಿತಿ ಬೇರೆ. ಅವನ ಎದೆಯಲ್ಲಿ ಗಾಳಿ ತುಂಬಿಯೇ ಇರುತ್ತದೆ, ಅದು ಹೊರಬೀಳಲೊಲ್ಲದು.

ಎದೆಗೂ ಹೊಟ್ಟೆಗೂ ನಡುವೆ ಗುಮ್ಮಟದಂತಿರುವ ವಪೆಯೆಂಬ ಸ್ನಾಯು ಕೆಳಗಿಳಿದು, ಪಕ್ಕೆಲುಬುಗಳ ನಡುವಣ ಸ್ನಾಯುಗಳು ಎದೆಗೂಡನ್ನು ಮೇಲೆತ್ತಿದಾಗ ಉಸಿರು ಒಳಸೇರುತ್ತದೆ. ಸುಮ್ಮನೆ ಕುಳಿತಿರುವ ನಿರೋಗಿಗೆ ಉಸಿರು ಬಿಡಲು ಶ್ರಮವೇ ಬೇಡ. ಎಳೆದ ರಬ್ಬರಿನಂತೆ ಶ್ವಾಸಕೋಶವು ತಾನಾಗಿ ಕುಗ್ಗುತ್ತದೆ. ಉಬ್ಬಸದಲ್ಲಾದರೋ ಶ್ವಾಸನಾಳಗಳ ಸುತ್ತಣ ಸ್ನಾಯು ಬಿಗಿದು, ಒಳಪೊರೆ ಊದಿ, ಕಫ ಕಟ್ಟಿ ದಾರಿ ಕಿರಿದಾಗಿರುತ್ತದೆ. ಉಸಿರು ಬಿಡುವಾಗ ಈ ನಾಳಗಳು ಮತ್ತಷ್ಟು ಕುಗ್ಗುವುದು ಸ್ವಭಾವ. ಆದಕಾರಣ ಒಂದು ಉಸಿರು ಪೂರ್ತಿ ಹೊರಬೀಳುವ ಮೊದಲೇ ಇನ್ನೊಂದನ್ನು ಎಳೆಯಬೇಕಾಗಿ, ಉಳಿದ ಗಾಳಿ ಸೇರುತ್ತ ಸೇರುತ್ತ ಎದೆ ಉಬ್ಬಿಯೇ ನಿಲ್ಲುತ್ತದೆ. ವಪೆ ಚಪ್ಪಟೆಯಾಗುತ್ತದೆ. ಮೊದಲೇ ಇಳಿದು ನಿಂತದ್ದು ಇನ್ನೆಷ್ಟು ಇಳಿದೀತು?

ಆಗ ಕತ್ತು, ಭುಜಗಳ ಸ್ನಾಯುಗಳು ನೆರವಿಗೆ ಬರುತ್ತವೆ. ಪ್ರತಿ ಉಸಿರಿಗೂ ಕೊರಳ ಗುಳಿ ಒಳಕ್ಕೆ ಸೆಳೆಯುವುದು ಇದರಿಂದಲೇ. ರೋಗಿ ಮಲಗಲಾರದೆ, ಮುಂದಕ್ಕೆ ಬಾಗಿ ಮೊಣಕಾಲಿಗೆ ಕೈಯೂರಿ ಕುಳಿತರೆ ಆ ಸ್ನಾಯುಗಳಿಗೆ ಆಧಾರ ದೊರೆಯುತ್ತದೆ. ತಮಕಶ್ವಾಸದವನಿಗೆ ಮಲಗಿದರೆ ಬಾಧೆ, ಕುಳಿತರೆ ಸುಖವೆಂದು ಚರಕಸಂಹಿತೆಯೂ ಹೇಳಿದೆ. ಹತ್ತು ಮಂದಿ ಸಾಲಾಗಿ ಮಲಗುವ ಕೋಣೆಯಲ್ಲಿ ಒಬ್ಬನು ಎದ್ದು ಕುಳಿತರೆ, ದಯಮಾಡಿ ಮಲಗೆಂದು ಗದರಿಸಬೇಡಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಎದೆಯ ಸುಯ್ಯೆಂಬ ಸದ್ದು ನಿಂತೊಡನೆ ಗುಣವಾಯಿತೆಂದು ಜೊತೆಯವರು ನಿದ್ದೆಹೋಗುವುದುಂಟು. ಸದ್ದು ಹುಟ್ಟುವುದು ಗಾಳಿಯ ಚಲನೆಯಿಂದ. ಸ್ನಾಯುಗಳು ದಣಿದು ಗಾಳಿಯೇ ಆಡದಿದ್ದರೆ ಸದ್ದೆಲ್ಲಿಂದ ಬರಬೇಕು? ಸದ್ದಡಗಿದರೂ ಏದುಸಿರು ಹೋಗದೆ, ಒಂದು ಪೂರ್ತಿ ವಾಕ್ಯ ಆಡಲಾರದೆ, ತುಟಿ ನೀಲಿಗಟ್ಟಿ, ಮಂಪರು ಕವಿಯುತ್ತಿದ್ದರೆ ಬೆಳಗಾಗಲೆಂದು ಕಾಯದೆ, ಇನ್ಹೇಲರ್ ಇದ್ದರೆ ಕೊಡುತ್ತಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಇನ್ಹೇಲರ್ ಚಟವಾಗುವುದೆಂಬ ಭಯ ನಮ್ಮವರಲ್ಲಿ ಇನ್ನೂ ಉಂಟು, ಅದಕ್ಕೆ ಆಧಾರವಿಲ್ಲ. ಸಾಲ್ಬುಟಮಾಲ್ ಕೆಲವೇ ನಿಮಿಷಗಳಲ್ಲಿ ನಾಳಗಳ ಬಿಗಿತವನ್ನು ಸಡಿಲಿಸುತ್ತದೆ, ಆದರೆ ಒಳಪೊರೆಯ ಊತ ಅದರಿಂದ ಹೋಗದು. ಅದಕ್ಕಾಗಿ ವೈದ್ಯರು ಬರೆದುಕೊಟ್ಟ ಸ್ಟೆರಾಯ್ಡ್ ಇನ್ಹೇಲರನ್ನು, ಉಬ್ಬಸವಿಲ್ಲದ ದಿನವೂ, ಅವರು ಹೇಳಿದಂತೆ ಎಳೆದುಕೊಳ್ಳಬೇಕು.

ಹಿಟ್ಟಿನ ದೂಳು, ಮೆಣಸಿನ ಘಾಟು, ಒಲೆಯ ಹೊಗೆ ಇವು ಉಬ್ಬಸವನ್ನು ಕೆರಳಿಸತಕ್ಕವು. ಅಂಥ ಹುಡುಗನನ್ನು ಭಟ್ಟಿಯ ಬಳಿಯಿಂದ ತೆಗೆದು ಸಪ್ಲೈಗೆ ಹಾಕಿದರೆ ಮಾಲಿಕರಿಗೆ ನಷ್ಟವೇನಿಲ್ಲ. ಗಲ್ಲಾದಲ್ಲಿ ಕುಳಿತು ಬಂದವರಾದ್ದರಿಂದಲೇ ನಾವು ಇದನ್ನು ಹೇಳುತ್ತಿದ್ದೇವೆ.